ಎಡಕ್ಕೆ ಸುತ್ತಿದ ಗಂಟು

ದಬ್ಬಣಿಯನ್ನು ನಾನು ಮೊದಲ ಸಲ ಹತ್ತಿರದಿಂದ ಕಂಡದ್ದು ಅವಳ ಮೂಗಿನಿಂದ ರಕ್ತ ಸುರಿಯುತ್ತಿದ್ದಾಗ. ಆಗಿನ್ನೂ ಸಣ್ಣ ಹುಡುಗಿ. ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು, ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿರಲಿಲ್ಲ. ಕುತ್ತಿಗೆ ಹಿಡಿದು ಎಳೆದುಕೊಂಡು ಬಂದು ನನ್ನ ಕೋಣೆಯ ನಲ್ಲಿಯ ಕೆಳಗೆ ತಲೆ ಬಗ್ಗಿಸಿ ತೊಳೆದೆ.

"ಯಾರೇ ಹೊಡೆದಿದ್ದು?" ಅಂದೆ.

"ಅಣ್ಣ."

"ಯಾಕೆ?"

"ಗಂಟು ಹಾಕಿದೆ," ಅಂದಳು. ಅಷ್ಟೇ.

ಈ ಗಂಟಿನ ಕಥೆ ಗೊತ್ತಿಲ್ಲದೆ ದಬ್ಬಣಿಯ ಕಥೆ ಅರ್ಥವಾಗುವುದಿಲ್ಲ, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಲಾರಿ ಸ್ಟ್ಯಾಂಡು. ಗೇಟಿನ ಪಕ್ಕದಲ್ಲೇ ನನ್ನ ಕಾಟಾ. ಕಾಟಾ ಎಂದರೆ ಲಾರಿಯನ್ನೇ ಮೇಲೆ ನಿಲ್ಲಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು. ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ತೂಕ ನೋಡಿ ಚೀಟಿ ಹರಿದುಕೊಡುವುದು ನನ್ನ ಕೆಲಸ. ಗಂಡ ಮಾಡುತ್ತಿದ್ದ ಕೆಲಸ, ಅವನು ಹೋದ ಮೇಲೆ ನನಗೆ ಬಂತು. ಎಲ್ಲರೂ ಕಾಟಾ ಅಕ್ಕ ಅನ್ನುತ್ತಾರೆ. ಕೂತಲ್ಲಿಂದಲೇ ಇಡೀ ಸ್ಟ್ಯಾಂಡು ಕಾಣುತ್ತದೆ, ಕಂಡದ್ದಕ್ಕೆಲ್ಲ ಬೈಯುವುದು ನನ್ನ ಅಭ್ಯಾಸ.

ಸ್ಟ್ಯಾಂಡಿನಲ್ಲಿ ಹಮಾಲರ ಹಲವು ತಂಡಗಳಿವೆ. ಲಾರಿಗೆ ಸರಕು ತುಂಬಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಕೊನೆಗೆ ಹಿಂದಿನ ಕೊಂಡಿಗೆ ಒಂದು ಗಂಟು ಹಾಕುತ್ತಾರೆ. ಪ್ರತಿ ತಂಡದ ಗಂಟೂ ಬೇರೆ. ಗಂಟು ನೋಡಿದರೆ ಸಾಕು, ಯಾರ ಕೆಲಸ ಎಂದು ತಿಳಿಯುತ್ತದೆ. ದಾರಿಯಲ್ಲಿ ಸರಕು ಬಿದ್ದರೆ ಗಂಟು ಹಾಕಿದ ತಂಡವೇ ಜವಾಬು ಹೇಳಬೇಕು. ಗಂಟಿಲ್ಲದ ಲಾರಿ ಗೇಟು ದಾಟುವಂತಿಲ್ಲ. ಗೇಟು ಕಾಯುವ ತಾತ ಒಂದೊಂದು ಲಾರಿಗೂ ಹೋಗಿ ಗಂಟು ಮುಟ್ಟಿ, "ಯಾರ ಗಂಟು?" ಎಂದು ಕೂಗುತ್ತಾನೆ. ತಂಡದ ಮುಖ್ಯಸ್ಥ, "ನಂದು" ಎಂದರೆ ಗೇಟಿಗೆ ಅಡ್ಡ ಕಟ್ಟಿದ ಸರಪಳಿ ಕೆಳಗಿಳಿಯುತ್ತದೆ.

ದಬ್ಬಣಿಯ ಅಪ್ಪ ಎಡಗೈಯವನು. ಅವನ ಗಂಟು ಎಡಕ್ಕೆ ಸುತ್ತುತ್ತಿತ್ತು, ಎಷ್ಟು ಜಗ್ಗಿದರೂ ಜಗ್ಗುವುದಿಲ್ಲ. ಒಂದು ದಿನ ಬೇರೆ ತಂಡದ ಒಬ್ಬ ಆ ಗಂಟನ್ನು ಬಿಚ್ಚಿ, ಕಬ್ಬಿಣದ ಪೈಪು ಎರಡನ್ನು ಎಗರಿಸಿ, ಗುರುತು ಸಿಗದ ಹಾಗೆ ಅದೇ ಥರದ ಗಂಟು ಹಾಕಿಟ್ಟ. ಅಪ್ಪ ತನ್ನ ಗಂಟಲ್ಲವೇ ಎಂದು ನಂಬಿ ಲಾರಿಯ ಕೆಳಗೆ ಬಿದ್ದಿದ್ದ ಹಗ್ಗ ಎತ್ತಿಕೊಳ್ಳಲು ಬಗ್ಗಿದ. ಆ ನಕಲಿ ಗಂಟು ಬಿಚ್ಚಿಕೊಂಡು ಪೈಪುಗಳೆಲ್ಲ ಅವನ ಮೇಲೆ ಬಂದವು. ಅವನನ್ನು ಹೊರಗೆ ತೆಗೆದಾಗ ಮುಖ ಯಾವುದು, ಎದೆ ಯಾವುದು ಎಂದು ನನಗೆ ಗೊತ್ತಾಗಲಿಲ್ಲ.

ಮಗ ಅವತ್ತು ಅಳಲಿಲ್ಲ. ಆ ಕಳ್ಳನನ್ನು ಕೂದಲು ಹಿಡಿದು ನನ್ನ ಕಾಟಾದವರೆಗೆ ಎಳೆತಂದ. ಅವನ ಬಲಗೈ ಹೆಬ್ಬೆರಳನ್ನು ಕಬ್ಬಿಣದ ಅಂಚಿನ ಮೇಲಿಟ್ಟು ಹಾರೆಯಿಂದ ಹೊಡೆದ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದು ಬಂತು. "ಇನ್ನು ಮೇಲೆ ಇನ್ನೊಬ್ಬರ ಗಂಟು ಬಿಚ್ಚಿದವನಿಗೂ ಇದೇ, ಇನ್ನೊಬ್ಬರ ಗಂಟು ಹಾಕಿದವನಿಗೂ ಇದೇ, ಗಂಟಿನ ವಿಷಯದಲ್ಲಿ ಸುಳ್ಳು ಹೇಳಿದವನಿಗೂ ಇದೇ," ಎಂದ. ಅವತ್ತಿನಿಂದ ಅದು ಸ್ಟ್ಯಾಂಡಿನ ನಿಯಮವಾಯಿತು. ಮೂಟೆ ಎಳೆಯುವ ಕೊಕ್ಕೆ ಸದಾ ಸೊಂಟದಲ್ಲಿರುತ್ತಿದ್ದುದರಿಂದ ಅವನ ಹೆಸರೂ ಕೊಕ್ಕೆ ಎಂದೇ ಆಯಿತು.

ಅಪ್ಪ ಮಕ್ಕಳಿಬ್ಬರಿಗೂ ಗಂಟು ಕಲಿಸಿದ್ದ. ಅವನು ಸತ್ತ ಮೇಲೆ ತಂಡದ ಮುಖ್ಯಸ್ಥನಾದ ಕೊಕ್ಕೆ ತಂಗಿಗೆ, "ಹಗ್ಗ ಮುಟ್ಟಿದ್ರೆ ಕೈ ಮುರೀತೀನಿ," ಎಂದಿದ್ದ. ಅವಳು ಮುಟ್ಟಿದಳು. ಮೂಗು ಒಡೆಯಿತು. ಆಮೇಲೆ ಅವಳಿಗೂ ಆ ಗಂಟು ಗೊತ್ತು ಎಂಬುದನ್ನೇ ಸ್ಟ್ಯಾಂಡು ಮರೆತುಬಿಟ್ಟಿತು.

ಹುಡುಗಿಯನ್ನು ಅವನು ಟಾರ್ಪಾಲು ಹೊಲಿಯುವ ಅಂಗಡಿಗೆ ಹಾಕಿದ. ಅಲ್ಲಿ ಅಂಗೈಯಗಲ ಬಿರುಕು ಬಿಟ್ಟ ಟಾರ್ಪಾಲುಗಳು ರಾಶಿ ಬಿದ್ದಿರುತ್ತವೆ, ಮೇಣದ ವಾಸನೆ, ಡೀಸೆಲ್ ವಾಸನೆ. ಯಂತ್ರ ಹೋಗದ ಮೂಲೆಗಳನ್ನು ದಬ್ಬಣದಿಂದ ಕೈಯಲ್ಲೇ ಹೊಲಿಯಬೇಕು. ಗಂಡಸರೇ ಅರ್ಧ ದಿನಕ್ಕೆ ಕೈ ಚೆಲ್ಲುವ ಕೆಲಸ. ಇವಳು ಹಲ್ಲು ಕಚ್ಚಿ ಹೊಲಿದಳು. ಹೆಬ್ಬೆರಳಿನ ಚರ್ಮ ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಯಿತು. ದಬ್ಬಣಿ ಎನ್ನುವ ಹೆಸರು ಅಲ್ಲಿಂದ ಬಂದದ್ದು. ಒಬ್ಬ ಡ್ರೈವರು ಅವಳ ಸೊಂಟಕ್ಕೆ ಕೈ ಹಾಕಿದಾಗ ಅವಳು ತಲೆ ಕೂಡ ಎತ್ತದೆ ದಬ್ಬಣವನ್ನು ಅವನ ಅಂಗೈಗೆ ಚುಚ್ಚಿ ಹೊಲಿಗೆ ಮುಂದುವರಿಸಿದಳಂತೆ. ನಾನು ನೋಡಲಿಲ್ಲ, ಆದರೆ ಆ ಡ್ರೈವರು ಸ್ಟೀರಿಂಗನ್ನು ಒಂದೇ ಕೈಯಲ್ಲಿ ಹಿಡಿದು ಕಾಟಾ ಹತ್ತಿದ್ದನ್ನು ನೋಡಿದೆ. ತುಂಬ ಖುಷಿಯಾಯಿತು.

ಕೊಕ್ಕೆ ಅವಳಿಗೆ ಹೊಟ್ಟೆ ತುಂಬ ಹಾಕಿದ, ಮೈ ತುಂಬ ಹೊಡೆದ. ಎರಡೂ ಅವನಿಗೆ ಒಂದೇ. ಅವಳನ್ನು ನೋಡಿ ನಕ್ಕ ಒಬ್ಬನ ದವಡೆ ಮುರಿದ. ಮಾತಾಡಿಸಿದ ಇನ್ನೊಬ್ಬ ಊರು ಬಿಟ್ಟ. "ಸಾಕಿದವನು ನಾನು, ಅವಳನ್ನ ಯಾರಿಗೆ ಕೊಡ್ಬೇಕು ಅಂತ ನನಗೆ ಗೊತ್ತು," ಎನ್ನುತ್ತಿದ್ದ. ಯಾರಿಗೂ ಕೊಡುವವನಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಅವನ ಮನೆಯಲ್ಲಿ ಅಪ್ಪನ ಜಾಗ ಖಾಲಿಯಾಗಿತ್ತು, ಇವಳೂ ಹೋದರೆ ಗೋಡೆ ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಅದಕ್ಕೆ ನಾನೇನು ಮಾಡಲಿ, ಗೋಡೆಗೇ ಹೊಡೆಯಬಹುದಿತ್ತಲ್ಲ.

ಇಂಥವಳು ಹೋಗಿ ಹೋಗಿ ಇಷ್ಟಪಟ್ಟದ್ದು ರೇಡಿಯೇಟರಿಗೆ ಬೆಸುಗೆ ಹಾಕುವ ಒಬ್ಬ ಸಣಕಲನನ್ನು. ಲಾರಿಯ ರೇಡಿಯೇಟರ್ ಸೋರಿದರೆ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ ಬೆಸುಗೆ ಹಾಕುವವನು. ಮಾತು ಕಡಿಮೆ. ನಕ್ಕರೆ ಹಲ್ಲಿಗಿಂತ ವಸಡೇ ಹೆಚ್ಚು ಕಾಣುತ್ತದೆ. "ಇವನಲ್ಲಿ ಏನು ಕಂಡೆಯೇ?" ಎಂದು ಕೇಳಿದ್ದಕ್ಕೆ, "ಅಕ್ಕ, ಅವನು ಇಡೀ ದಿನ ಬೆಂಕಿ ಹಿಡ್ಕೊಂಡಿರ್ತಾನೆ, ಆದ್ರೂ ಯಾರನ್ನೂ ಸುಡಲ್ಲ," ಎಂದಳು.

ಇಬ್ಬರೂ ಕಚೇರಿಗೆ ಹೋಗಿ ಸಹಿ ಹಾಕಿ ಮದುವೆಯಾಗಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕಾಟಾದ ಹಿಂದಿನ ಕೋಣೆ ಕೊಟ್ಟೆ. ಒಂದು ಕಿಟಕಿ, ಒಂದು ಬಲ್ಬು, ಲಾರಿ ಹೋದಾಗಲೆಲ್ಲ ನಡುಗುವ ಗೋಡೆ. ಸಂಜೆ ಕೊಕ್ಕೆ ಬಂದ. ತಂಗಿಯ ಕೆನ್ನೆಗೆ ಒಂದು ಬಾರಿಸಿದ, ಅವಳ ಗಂಡನ ಹೊಟ್ಟೆಗೆ ಒದ್ದ, ಗೋಡೆಗೆ ನೇತುಹಾಕಿದ್ದ ಕನ್ನಡಿ ತೆಗೆದು ನೆಲಕ್ಕೆ ಕುಕ್ಕಿದ. ನಾನು ತೂಕದ ಕಲ್ಲು ಹಿಡಿದು ನಿಂತಾಗ, "ಅಕ್ಕ, ನೀನು ಪಕ್ಕಕ್ಕೆ ಹೋಗು, ಇದು ಮನೆ ವಿಷಯ," ಎಂದ.

"ಮನೆ ನಂದು, ಕಣೋ. ಬಾಡಿಗೆ ಕೊಡೋವರು ಇವರು. ನೀನು ಯಾವ ವಿಷಯ?" ಎಂದೆ. ಅವನು ಉಗುಳಿ ಹೋದ. ಕನ್ನಡಿಯ ಚೂರು ತಿಂಗಳುಗಟ್ಟಲೆ ಸಿಗುತ್ತಿತ್ತು, ನನ್ನ ಕಾಲಿಗೇ ಎರಡು ಸಲ ಚುಚ್ಚಿತು.

ಹೀಗೆ ಬದುಕುವುದಾಗದು ಎಂದು ಇಬ್ಬರೂ ನಿರ್ಧರಿಸಿದರು. ದೇಶದ ಆ ತುದಿಯಲ್ಲಿ, ಬಂದರಿನ ಪಕ್ಕ, ಮೀನು ಕೆಡದಂತೆ ಇಡುವ ದೊಡ್ಡ ಶೀತಲ ಗೋದಾಮಿನಲ್ಲಿ ಬೆಸುಗೆಯವನಿಗೆ ಕೆಲಸ ಸಿಕ್ಕಿತು. ಅಲ್ಲಿ ಟಾರ್ಪಾಲು, ಬಲೆ, ಹಡಗಿನ ಬಟ್ಟೆ ಹೊಲಿಯುವವರು ಬೇಕಂತೆ. ದಬ್ಬಣಿಯ ಕಣ್ಣು ಅರಳಿತು. ಇಬ್ಬರೂ ಈ ಊರು ದಾಟಿದವರಲ್ಲ. ನಕ್ಷೆ ನೋಡಿ ಬೆರಳಿನಲ್ಲಿ ಅಳೆದು, "ಒಂದೂವರೆ ಗೇಣಷ್ಟೇ," ಎಂದು ಅವನು ಅಂದಾಗ ನನಗೆ ನಗು ತಡೆಯಲಾಗಲಿಲ್ಲ.

ಕೈಯಲ್ಲಿ ಕಾಸು ಕಡಿಮೆ. ಮನೆ ಸಾಮಾನು ಸಾಗಿಸುವ ಕಂಪನಿಯವರು ಕೇಳಿದ್ದನ್ನು ಕೊಟ್ಟರೆ ಅಲ್ಲಿಗೆ ಹೋದ ಮೇಲೆ ಗಾಳಿ ತಿನ್ನಬೇಕು. ವಾಪಸ್ ಲಾರಿ ಹುಡುಕಿಕೊಟ್ಟವಳು ನಾನೇ. ದೂರದಿಂದ ಸರಕು ತಂದು ಇಳಿಸಿದ ಲಾರಿ ಅರ್ಧ ಖಾಲಿಯಾಗಿ ಹಿಂದಿರುಗುತ್ತದೆ. ಉಳಿದ ಜಾಗಕ್ಕೆ ಸಾಮಾನು ಹಾಕಿದರೆ ಡ್ರೈವರು ಕೊಟ್ಟಷ್ಟು ತೆಗೆದುಕೊಳ್ಳುತ್ತಾನೆ, ಮುಂದೆ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡೂ ಹೋಗುತ್ತಾನೆ. ಬಂದರಿನ ಕಡೆಯ ಒಬ್ಬ ನರೆತ ಡ್ರೈವರು ಒಪ್ಪಿದ. ಒಂದೇ ಮಾತು: "ಗಂಟು ಇಲ್ಲದೆ ನಾನು ಗೇಟು ದಾಟಲ್ಲ ತಾಯಿ, ನಾನೂ ಈ ಸ್ಟ್ಯಾಂಡಿಗೆ ಮತ್ತೆ ಬರ್ಬೇಕು."

ಏನು ಒಯ್ಯಬೇಕು, ಏನು ಬಿಡಬೇಕು ಎಂದು ಆ ಕೋಣೆಯಲ್ಲಿ ನಡೆದ ಜಗಳವನ್ನು ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

"ಮಂಚ ಬೇಡ," ಅವಳು ಅನ್ನುವುದು. "ನೆಲ ಎಲ್ಲಾ ಊರಲ್ಲೂ ಪುಕ್ಕಟೆ."

"ಬಕೆಟ್ಟು?"

"ಬಕೆಟ್ಟಿನೊಳಗೆ ಪಾತ್ರೆ, ಪಾತ್ರೆಯೊಳಗೆ ಬಟ್ಟೆ. ಖಾಲಿ ಹೋಗೋ ಹಾಗಿಲ್ಲ ಯಾವುದೂ."

"ನನ್ನೊಳಗೆ ಏನು ತುಂಬ್ತೀಯ?"

"ನಿನ್ನ ತಲೇಲಿ ಜಾಗ ಇದೆಯಲ್ಲ, ಹೊದಿಕೆ ಇಡ್ತೀನಿ."

ಬಿಡಲಾಗದ್ದು ಎರಡೇ: ಅವನ ಬೆಸುಗೆಯ ಗ್ಯಾಸ್ ಸಾಮಾನು, ಅವಳ ಹೊಲಿಗೆ ಯಂತ್ರ. ಅಂಗಡಿಯವನು ಮೂಲೆಗೆ ಎಸೆದಿದ್ದ ಟಾರ್ಪಾಲು ಯಂತ್ರ ಅದು, ಎರಕದ ಕಬ್ಬಿಣದ್ದು, ಕತ್ತೆಯಷ್ಟು ಭಾರ. ಕೂಲಿಯ ಬದಲು ಕೇಳಿ ತೆಗೆದುಕೊಂಡು ತಾನೇ ರಿಪೇರಿ ಮಾಡಿದ್ದಳು. ಅವಿಲ್ಲದೆ ಅಲ್ಲಿ ಹೋದರೆ ಇಬ್ಬರೂ ಬರಿಗೈ.

ಸುದ್ದಿ ಕೊಕ್ಕೆಗೆ ಮುಟ್ಟದೆ ಇರುತ್ತದೆಯೇ? ಮಧ್ಯಾಹ್ನ ಬೆಸುಗೆ ಅಂಗಡಿಗೆ ನುಗ್ಗಿದ. ಅಂಗಡಿ ನನ್ನ ಕಾಟಾದ ಎದುರಿಗೇ ಇದೆ, ನಾನು ಓಡುವಷ್ಟರಲ್ಲಿ ಬೆಸುಗೆಯವನ ಎಡಗೈ ಕಬ್ಬಿಣದ ಮೇಜಿನ ಮೇಲಿತ್ತು, ಕೊಕ್ಕೆಯ ಮೊಣಕಾಲು ಅದರ ಮೇಲಿತ್ತು. ಸುತ್ತಿಗೆ ಬಿತ್ತು. ಮತ್ತೊಮ್ಮೆ ಬಿತ್ತು. ಬೆಸುಗೆಯವನು ಕೂಗಲಿಲ್ಲ, ಮೂಗಿನಿಂದ ಒಂದು ಥರದ ಉಸಿರು ಮಾತ್ರ ಹೊರಟಿತು. ದಬ್ಬಣಿ ನನಗಿಂತ ಮೊದಲು ತಲುಪಿದಳು. ದಬ್ಬಣವನ್ನು ಅಣ್ಣನ ತೊಡೆಗೆ ಹಿಡಿಯವರೆಗೂ ಇಳಿಸಿದಳು.

ಕೊಕ್ಕೆ ಕೆಳಗೆ ನೋಡಿದ. ನಿಧಾನವಾಗಿ ಅದನ್ನು ಎಳೆದು, ಪ್ಯಾಂಟಿಗೆ ಒರೆಸಿ ಅವಳಿಗೇ ಕೊಟ್ಟ. "ತಗೋ. ಕೆಲಸದ ಸಾಮಾನನ್ನ ಎಲ್ಲೆಂದರಲ್ಲಿ ಬಿಡ್ಬಾರ್ದು." ಆಮೇಲೆ ಬಾಗಿಲಲ್ಲಿ ನಿಂತು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದ: "ಇವರ ಒಂದು ಚಮಚ ಎತ್ತಿದವನ ಕೈ ಇರಲ್ಲ. ಇವನು ಲಾರಿ ಹತ್ತಿದ್ರೆ ಬಲಗೈನೂ ಇರಲ್ಲ."

ಬೆಸುಗೆಯವನು ಬೆಂಕಿಯ ಕೊಳವೆ ಹಿಡಿಯುವುದು ಬಲಗೈಯಲ್ಲಿ. ಎಡಗೈ ವಾಸಿಯಾಗದಿದ್ದರೂ ಇಕ್ಕುಳ ಕಟ್ಟಿಕೊಂಡಾದರೂ ಕೆಲಸ ಮಾಡಬಹುದು. ಬಲಗೈ ಹೋದರೆ ಬಂದರೂ ಇಲ್ಲ, ಗೋದಾಮೂ ಇಲ್ಲ. ಆ ಬಲಗೈ ಉಳಿಸಿಕೊಂಡು ಗೇಟು ದಾಟುವುದು ಹೇಗೆ ಎನ್ನುವುದೊಂದೇ ಆಗ ದಬ್ಬಣಿಯ ತಲೆಯಲ್ಲಿದ್ದದ್ದು.

"ಎಲ್ಲಾ ಬಿಟ್ಟು ಬಸ್ಸಿಗೆ ಓಡಿ ಹೋಗ್ರೇ," ಎಂದೆ. ಪೊಲೀಸರ ಮಾತೆತ್ತಲಿಲ್ಲ. ಪೊಲೀಸರಿಗೆ ವರ್ಗವಾದಾಗ ಅವರ ಸಾಮಾನು ಕಟ್ಟುವುದೂ ಕೊಕ್ಕೆಯ ತಂಡವೇ.

"ಓಡೋಕೆ ನಾನೇನು ಕಳ್ಳಿಯಾ ಅಕ್ಕ? ಬಸ್ಸಿನ ಹಿಂದೆ ಬಂದು ದಾರೀಲಿ ಇಳಿಸ್ತಾನೆ. ಹೋದ್ರೆ ಈ ಗೇಟಲ್ಲೇ ಹೋಗ್ಬೇಕು. ಗೇಟು ಬಿಟ್ಟ ಲಾರಿನ ಯಾವ ತಂಡದವರೂ ಬೆನ್ನಟ್ಟಲ್ಲ. ಅದು ಅವನದೇ ನಿಯಮ."

"ಯಾರು ತುಂಬ್ತಾರೆ? ಯಾರು ಗಂಟು ಹಾಕ್ತಾರೆ?"

ಅವಳು ದಬ್ಬಣಕ್ಕೆ ಮೇಣ ಹಚ್ಚುತ್ತ ಕೂತಳು. ನನಗೆ ಮೈ ಉರಿಯಿತು.

ಲಾರಿ ಹೊರಡುವ ದಿನ ಬೆಳಗ್ಗೆಯಿಂದ ಕೊಕ್ಕೆ ಹಿಂದಿನ ಗೋದಾಮಿನಲ್ಲಿ ಸಿಮೆಂಟು ಇಳಿಸುತ್ತಿದ್ದ. ಊಟದ ಹೊತ್ತಿಗೆ ಹಮಾಲರೆಲ್ಲ ನೆರಳು ಹುಡುಕಿ ಮಲಗುತ್ತಾರೆ. ಆ ಹೊತ್ತನ್ನೇ ದಬ್ಬಣಿ ಆರಿಸಿದ್ದಳು. ಯಂತ್ರವನ್ನು ಬಿಚ್ಚಿ ತುಂಡು ಮಾಡಿಟ್ಟಿದ್ದಳು. ಕಾಟಾದ ಪಕ್ಕ ಬಿದ್ದಿದ್ದ ಹಲಗೆಗಳನ್ನು ಲಾರಿಗೆ ಏಣಿಯ ಹಾಗೆ ಇಟ್ಟು, ನಾನು, ಅವಳು, ಒಂದೇ ಕೈಯ ಗಂಡ, ಮೂವರೂ ಉಸಿರು ಬಿಗಿಹಿಡಿದು ದಬ್ಬಿದೆವು. ನನ್ನ ಸೊಂಟ ಕೆಟ್ಟದ್ದು ಅವತ್ತೇ, ಚಳಿ ಬಂದರೆ ಈಗಲೂ ಅವಳನ್ನು ಬೈಯುತ್ತೇನೆ. ಬಕೆಟ್ಟು, ಗಂಟುಮೂಟೆ, ಗ್ಯಾಸ್ ಸಾಮಾನು ಎಲ್ಲ ಹತ್ತಿದವು. ಟಾರ್ಪಾಲು ಹೊದಿಸಿ ಅವಳು ಹಗ್ಗ ಎಳೆದಳು. ಕಾಲನ್ನು ಲಾರಿಗೆ ಒತ್ತಿ, ಹಿಂದಕ್ಕೆ ವಾಲಿ, ಹಗ್ಗವನ್ನು ಕೊಂಡಿಗೆ ಎಡಕ್ಕೆ ಸುತ್ತಿದಳು. ಒಮ್ಮೆ, ಮತ್ತೊಮ್ಮೆ, ತುದಿಯನ್ನು ಒಳಗೆ ತೂರಿಸಿ ಜಗ್ಗಿದಳು.

ನಾನು ಅವಳ ಮೊಣಕೈ ಹಿಡಿದೆ. "ಏ ಹುಚ್ಚಿ, ಇದು ಅವನ ಗಂಟು. ಗೊತ್ತಾದ್ರೆ ನಿನ್ನ ಹೆಬ್ಬೆರಳು ಹೋಗ್ತದೆ. ಹೆಬ್ಬೆರಳಿಲ್ಲದೆ ಏನು ಹೊಲೀತೀಯ?"

"ಇದು ಅಪ್ಪನ ಗಂಟು," ಎಂದಳು. ಕೈ ಒರೆಸಿಕೊಂಡು, "ಚೀಟಿ ಹರಿ ಅಕ್ಕ, ತೂಕ ನೋಡು," ಎಂದಳು.

ಲಾರಿ ಕಾಟಾ ಹತ್ತಿತು. ಎದ್ದು ಬಂದ ಹಮಾಲರು ಗಂಟು ನೋಡಿ ಹುಬ್ಬೇರಿಸಿದರು. ಕೊಕ್ಕೆಯ ತಂಡದ ಎರಡನೆಯವನಿಗೆ ಮೊಂಡ ಎಂದು ಹೆಸರು, ಎತ್ತಿನಂಥ ಮನುಷ್ಯ, ಕೊಕ್ಕೆ ಹೇಳಿದರೆ ಬಾವಿಗೂ ಹಾರುವವನು. ಅವನು ಗಂಟನ್ನು ಬೆರಳಿನಿಂದ ಮುಟ್ಟಿ, "ಅಣ್ಣನಿಗೆ ಮನಸ್ಸು ಕರಗಿರ್ಬೇಕು. ನಮಗೂ ಹೇಳದೆ ತಾನೇ ಬಂದು ಕಟ್ಟಿದಾನೆ," ಎಂದು ಪಕ್ಕದವನಿಗೆ ಹೇಳಿ ನಕ್ಕ. ನಾನು ಚೀಟಿ ಬರೆಯುತ್ತಿದ್ದೆ. ಅಷ್ಟರಲ್ಲಿ ಗೋದಾಮಿನ ಕಡೆಯಿಂದ ಕೊಕ್ಕೆ ಬಂದ. ಮೈಯೆಲ್ಲ ಸಿಮೆಂಟು ಬೂದಿ, ಕಣ್ಣು ಮಾತ್ರ ಕೆಂಪು, ಕೈಯಲ್ಲಿ ಹಾರೆ.

ಯಾರ ಮುಖವನ್ನೂ ನೋಡಲಿಲ್ಲ. ಸೀದಾ ಕ್ಯಾಬಿನ್ನಿನ ಬಾಗಿಲು ತೆಗೆದು ಬೆಸುಗೆಯವನನ್ನು ಕಾಲು ಹಿಡಿದು ಎಳೆದ. ಅವನ ತಲೆ ಮೆಟ್ಟಿಲಿಗೆ ಬಡಿಯಿತು, ಬೆನ್ನು ಕಾಟಾದ ಮೇಲೆ ಬಿತ್ತು. ಕೊಕ್ಕೆ ಅವನ ಬಲ ಮುಂಗೈಯ ಮೇಲೆ ಬೂಟು ಇಟ್ಟ.

"ಬೇಡ ಭಾವ," ಎಂದ ಬೆಸುಗೆಯವನು. "ಇದೊಂದು ಬಿಡು. ಕಾಲು ಬೇಕಾದ್ರೆ ಮುರಿ."

ಕೊಕ್ಕೆ ಹಾರೆ ಎತ್ತಿದ. ಎತ್ತಿದಾಗ ತಲೆಯೂ ಮೇಲಾಯಿತು, ಕಣ್ಣು ಲಾರಿಯ ಹಿಂಭಾಗಕ್ಕೆ ಹೋಯಿತು. ಅಲ್ಲೇ ನಿಂತಿತು. ಹಾರೆ ಕೆಳಗಿಳಿಯಲಿಲ್ಲ.

"ಯಾರು ಹಾಕಿದ್ದು ಅದು?"

ಅವನು ಬೆಸುಗೆಯವನ ಕೈಯಿಂದ ಕಾಲು ತೆಗೆದು, ಹಾರೆ ಕೆಳಗೆ ಹಾಕಿ, ತನ್ನ ತಂಡದ ಕಡೆ ತಿರುಗಿದ. ಆ ಗಂಟು ಹಾಕಲು ಬರುವುದು ತನಗೆ, ತನ್ನ ನಂತರ ಮೊಂಡನಿಗೆ. ಬೇರೆ ಯಾರೂ ಅವನ ಲೆಕ್ಕದಲ್ಲೇ ಇರಲಿಲ್ಲ. "ನೀನಾ?" ಎಂದ. ಮೊಂಡ, "ಅಣ್ಣ, ನಿನ್ನಾಣೆ, ನೀನೇ ಹಾಕಿದ್ದು ಅಂದ್ಕೊಂಡೆ," ಎನ್ನುವುದರೊಳಗೆ ಸೊಂಟದ ಕೊಕ್ಕೆ ಹೊರಗೆ ಬಂದಿತ್ತು. ಅದು ಮೊಂಡನ ಭುಜದೊಳಗೆ ಇಳಿಯಿತು. ಮೂಟೆ ಎಳೆದ ಹಾಗೆಯೇ ಅವನನ್ನು ಎಳೆದ. ಮೊಂಡ ಮಂಡಿಯೂರಿದ. ರಕ್ತ ಕಾಟಾದ ಕಬ್ಬಿಣದ ಮೇಲೆ ತೊಟ್ಟಿಕ್ಕಿತು. ಅನ್ನ ಹಾಕಿದ ಕೈಗೆ ಇಷ್ಟು ವರ್ಷ ನಾಯಿಯ ಹಾಗೆ ದುಡಿದವನು. "ಹೇಳು, ಎಷ್ಟು ಕೊಟ್ರು? ನನ್ನ ಗಂಟು ಮಾರ್ಕೊಂಡ್ಯಾ?" ಎಂದು ಕೊಕ್ಕೆ ಒದೆಯುತ್ತಲೇ ಇದ್ದ.

"ಅವನನ್ನ ಬಿಡು," ಎಂದಳು ದಬ್ಬಣಿ. ಕಾಟಾ ಕೋಣೆಯಲ್ಲಿ ನನ್ನ ಪಕ್ಕ ನಿಂತಿದ್ದವಳು ಇಳಿದು ಮುಂದೆ ಹೋದಳು. "ಹಾಕಿದ್ದು ನಾನು."

ಕೊಕ್ಕೆ ಅವಳ ಕಡೆ ತಿರುಗಿದ.

"ನಿನ್ನ ಜೊತೆಗೇ ಕೂತು ಕಲಿತಿದ್ದೆನಲ್ಲ, ಮರೆತ್ಯಾ? ಹಾಕಿದ್ದಕ್ಕೆ ನನ್ನ ಮೂಗು ಒಡೆದಿದ್ದೆ."

ಮೊಂಡ ಎದ್ದು ನಿಂತ. ಭುಜದಿಂದ ಕೊಕ್ಕೆಯನ್ನು ತಾನೇ ಕಿತ್ತು ಎಸೆದ. ಅವನ ಮುಖ ನಾನು ಅದುವರೆಗೆ ಕಾಣದ ಮುಖವಾಗಿತ್ತು. ಒಂದೇ ಕೈಯಲ್ಲಿ ಹಾರೆ ಎತ್ತಿಕೊಂಡ. "ತಂಗಿ ಆದ್ರೇನು, ನಿಯಮ ಎಲ್ಲರಿಗೂ ಒಂದೇ ಅಲ್ವಾ ಅಣ್ಣ? ನಿನ್ನ ಗಂಟನ್ನ ಬೇರೆಯವರು ಹಾಕಿದಾರೆ. ಹೇಳು. ನಾನೇ ಹೊಡೀತೀನಿ."

ಅಷ್ಟೂ ತಂಡಗಳು ಸುತ್ತ ನೆರೆದಿದ್ದವು. ಅವರಲ್ಲಿ ಹೆಬ್ಬೆರಳು ಡೊಂಕಾದವರು, ಬೆರಳು ಮಡಚಲಾಗದವರು, ಈ ನಿಯಮದ ರುಚಿ ಕಂಡವರು ಬೇಕಾದಷ್ಟು ಜನ. ಒಬ್ಬರೂ ಬಿಡಿ ಎನ್ನಲಿಲ್ಲ. ಅವರ ಕಣ್ಣಲ್ಲಿ ಒಂಥರದ ಹಸಿವಿತ್ತು. ನಾನು ಬೈದೆ, ಕೂಗಿದೆ, ಅಡ್ಡ ಹೋದೆ. ಇಬ್ಬರು ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಬೆಸುಗೆಯವನು ತೆವಳಿಕೊಂಡು ಬಂದು ತನ್ನ ಕೈ ಮುಂದೆ ಚಾಚಿದ, "ನಂದು ತಗೊಳ್ಳಿ," ಎಂದ. ಅವನನ್ನು ಒದ್ದು ಉರುಳಿಸಿದರು.

ದಬ್ಬಣಿ ಯಾರಿಗೂ ಕಾಯಲಿಲ್ಲ. ಕಾಟಾದ ಅಂಚಿನ ಮುಂದೆ ಕೂತು, ಬಲಗೈ ಹೆಬ್ಬೆರಳನ್ನು ಕಬ್ಬಿಣದ ಮೇಲೆ ತಾನೇ ಇಟ್ಟಳು. ಅಣ್ಣನನ್ನು ನೋಡಿದಳು. ಬೇಡಿಕೊಳ್ಳಲಿಲ್ಲ.

ಗೇಟಿನ ತಾತ ಬಂದು ಗಂಟು ಮುಟ್ಟಿ, ದಿನಾ ಕೂಗುವ ಹಾಗೆಯೇ ಕೂಗಿದ. "ಯಾರ ಗಂಟು?"

ಮೊಂಡ ಹಾರೆ ಎತ್ತಿದ.

ಕೊಕ್ಕೆ ಗಂಟನ್ನು ನೋಡಿದ. ಎಡಕ್ಕೆ ಸುತ್ತಿದ ಆ ಎರಡು ಸುತ್ತನ್ನು, ಒಳಗೆ ತೂರಿಸಿದ ತುದಿಯನ್ನು ನೋಡುತ್ತಲೇ ಇದ್ದ.

"ನಂದು," ಎಂದ.

"ಏನಂದೆ?" ಎಂದ ಮೊಂಡ.

"ನಂದು. ನಾನೇ ಹಾಕಿದ್ದು. ಸರಪಳಿ ಇಳಿಸು."

ಬೆಳಗ್ಗೆಯಿಂದ ಅವನು ಗೋದಾಮಿನಲ್ಲಿದ್ದ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಆದರೆ ಮುಖ್ಯಸ್ಥ ನಂದು ಎಂದ ಮೇಲೆ ಲಾರಿಯನ್ನು ನಿಲ್ಲಿಸುವಂತಿಲ್ಲ. ತಾತ ಸರಪಳಿ ಇಳಿಸಿದ. ದಬ್ಬಣಿ ಎದ್ದು ಗಂಡನನ್ನು ಎಬ್ಬಿಸಿ ಕ್ಯಾಬಿನ್ನಿಗೆ ಹತ್ತಿಸಿದಳು. ನನ್ನ ಕೈಯಿಂದ ಚೀಟಿ ಕಿತ್ತುಕೊಂಡಳು. ಒಂದು ಮಾತಿಲ್ಲ, ಒಂದು ಅಪ್ಪುಗೆ ಇಲ್ಲ. ಡ್ರೈವರು ಬೆವರು ಒರೆಸಿಕೊಂಡು ಗೇರು ಹಾಕಿದ. ಲಾರಿ ಗೇಟು ದಾಟಿ ರಸ್ತೆಗೆ ಹೊರಳಿತು.

ಕೊಕ್ಕೆ ಅದು ಮರೆಯಾಗುವವರೆಗೂ ನಿಂತಿದ್ದ. ಆಮೇಲೆ ತಂಗಿ ಕೂತಿದ್ದ ಜಾಗದಲ್ಲೇ ಬಂದು ಕೂತ. ಅಂಗಿಯ ತೋಳು ಮಡಚಿ ಬಲಗೈ ಹೆಬ್ಬೆರಳನ್ನು ಅಂಚಿನ ಮೇಲಿಟ್ಟ. "ಸುಳ್ಳು ಹೇಳಿದೆ," ಎಂದ. "ಹೊಡಿ."

ಮೊಂಡ ಹಿಂದೆಮುಂದೆ ನೋಡಲಿಲ್ಲ. ಒಂದೇ ಏಟಿಗೆ ಆಗಲಿಲ್ಲ, ಅವನದು ಒಂದೇ ಕೈ ಆಡುತ್ತಿತ್ತು. ಮೂರನೆಯದಕ್ಕೆ ಎಲುಬು ಹೊರಗೆ ಬಂತು. ಕೊಕ್ಕೆ ಕೂಗಿದ, ಎಲ್ಲರೂ ಕೇಳುವಷ್ಟು ಕೂಗಿದ. ನನಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಇಂಥವನಿಗೆ ಮರುಗಬಾರದು. ಆದರೂ ನೀರು ತಂದದ್ದು ನಾನೇ, ಬಟ್ಟೆ ಸುತ್ತಿದ್ದೂ ನಾನೇ. ಇಡೀ ಹೊತ್ತು ಅವನನ್ನು ಬೈಯುತ್ತಲೇ ಸುತ್ತಿದೆ. ತಂಡ ಈಗ ಮೊಂಡನದು. ಕೊಕ್ಕೆ ಗೋದಾಮಿನ ಬಾಗಿಲು ಕಾಯುತ್ತಾನೆ, ಬಲಗೈ ಜೇಬಿನಲ್ಲಿರುತ್ತದೆ.

ಸ್ವಲ್ಪ ದಿನದ ಮೇಲೆ ದಬ್ಬಣಿಯ ಫೋನು ಬಂತು. ಕೋಣೆ ಸಿಕ್ಕಿದೆಯಂತೆ, ಕಿಟಕಿಯಿಂದ ಹಡಗಿನ ಕಂಬ ಕಾಣುತ್ತದಂತೆ. ಗಂಡ ಬಲಗೈಯಲ್ಲಿ ಬೆಂಕಿ ಹಿಡಿದು ಕೆಲಸ ಶುರು ಮಾಡಿದ್ದಾನೆ, ಎಡಗೈಗೆ ಇಕ್ಕುಳ ಕಟ್ಟಿಕೊಂಡಿದ್ದಾನೆ. ಗಂಟು ದಾರಿಯುದ್ದಕ್ಕೂ ಒಂದು ಎಳೆ ಸಡಿಲವಾಗಲಿಲ್ಲವಂತೆ. ಎಲ್ಲ ಹೇಳಿದ ಮೇಲೆ ಕೇಳಿದಳು:

"ಅಕ್ಕ, ಅಣ್ಣನ ಹೆಬ್ಬೆರಳು ಹೋಯ್ತಾ?"

ನಾನಿನ್ನೂ ಏನೂ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತೇನೇ?" ಎಂದೆ. "ಸುಳ್ಳು ಹೇಳ್ತಾನೆ, ಕೈ ಕೊಡ್ತಾನೆ ಅಂತ?"

"ಗೊತ್ತಿತ್ತು."

"ಅವನು ನಂದು ಅಂತ ಹೇಳದೆ ಇದ್ದಿದ್ರೆ?"

"ನಂದು ಹೋಗ್ತಿತ್ತು. ಇವನದು ಉಳೀತಿತ್ತು. ಒಂದು ಯಾರದ್ದಾದರೂ ಕೊಡ್ಲೇಬೇಕಿತ್ತಲ್ಲ ಅಕ್ಕ." ಅವಳ ದನಿ ಒಡೆಯಿತು. ಅವಳ ಮೂಗು ತೊಳೆದ ದಿನದಿಂದ ಈವರೆಗೆ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. "ಬಲಗೈದಾ?"

"ಹೂಂ. ಬಲಗೈದು."

ಅವಳು ಫೋನು ಇಡಲಿಲ್ಲ, ಪಕ್ಕಕ್ಕಿಟ್ಟಳು. ಮೂಗು ಒರೆಸಿಕೊಳ್ಳುವುದು ಕೇಳಿಸಿತು, ಕುರ್ಚಿ ಎಳೆಯುವುದು ಕೇಳಿಸಿತು. ಆಮೇಲೆ ನನ್ನ ಸೊಂಟ ಮುರಿದ ಆ ಯಂತ್ರ ಗಡಗಡ ಎಂದು ಹೊಲಿಯತೊಡಗಿತು.